ಫೈಡೋನೆಟ್: ನಡುರಾತ್ರಿಯ ಫೋನ್ ಲೈನಿನಲ್ಲಿ ಓಡಾಡಿದ ಕಾಗದಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಇಂಟರ್ನೆಟ್ ಮನೆಮನೆಗೆ ಬರುವ ಮುಂಚೆಯೇ ಮನೆಯ ಕಂಪ್ಯೂಟರ್‌ಗಳು ಒಂದಕ್ಕೊಂದು ಕಾಗದ ಕಳಿಸುತ್ತಿದ್ದವು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ನಿಜವಾಗಿ ಕಳಿಸುತ್ತಿದ್ದವು. ಅದೂ ಮಾಮೂಲಿ ಫೋನ್ ಲೈನಿನಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ. ಇಂಥ ಹವ್ಯಾಸಿ ಜಾಲಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಫೈಡೋನೆಟ್. ಅದರ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಂದು ಸುಳಿವು ಮೊದಲೇ ಕೊಡುತ್ತೇನೆ: ಓದುತ್ತಾ ಎಲ್ಲಾದರೂ "ಇದನ್ನ ಯಾಕಪ್ಪಾ ಹೀಗೆ ಮಾಡಿದರು" ಅನ್ನಿಸಿದರೆ, ಬಹುತೇಕ ಫೋನ್ ಬಿಲ್ಲೇ ಕಾರಣ.

ಬಿಬಿಎಸ್ ಅಂದರೆ ಏನು?

ಬುಲೆಟಿನ್ ಬೋರ್ಡ್ ಸಿಸ್ಟಮ್. ಯಾರದೋ ಮನೆಯ ಕಂಪ್ಯೂಟರ್, ಅದಕ್ಕೊಂದು ಮೋಡೆಮ್ (ಕಂಪ್ಯೂಟರಿನ ಮಾತನ್ನು ಫೋನ್ ಲೈನಿನಲ್ಲಿ ಹೋಗುವ ದನಿಯಾಗಿಸುವ ಪೆಟ್ಟಿಗೆ), ಮೋಡೆಮ್‌ಗೆ ಒಂದು ಫೋನ್ ಲೈನ್. ನೀವು ನಿಮ್ಮ ಕಂಪ್ಯೂಟರ್‌ನಿಂದ ಆ ನಂಬರಿಗೆ ಫೋನ್ ಮಾಡಬೇಕು. ಆ ಕಡೆಯ ಮೋಡೆಮ್ ಎತ್ತಿ ಕೀರಲು ದನಿ ತೆಗೆಯುತ್ತದೆ. ಆಮೇಲೆ ನಿಮ್ಮ ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಹಿಂದೆ ಬಂದವರು ಬರೆದಿಟ್ಟಿದ್ದನ್ನು ಓದಬಹುದು, ನಿಮ್ಮದನ್ನು ಬರೆದಿಡಬಹುದು.

ಮೊದಲನೆಯದು ಶುರುವಾಗಿದ್ದು ಅಮೆರಿಕದ ಶಿಕಾಗೋದಲ್ಲಿ, 1978ರ ಫೆಬ್ರವರಿ 16ರಂದು. ಜನವರಿಯ ಹಿಮಗಾಳಿಗೆ ಮನೆಯಿಂದ ಹೊರಗೆ ಕಾಲಿಡಲಾಗದೆ ಕೂತಿದ್ದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ಅದನ್ನು ಕಟ್ಟಿದರು. ಒಂದು ಲೈನು, ಒಂದು ಸಲಕ್ಕೆ ಒಬ್ಬರು. ಎಸ್‌ಟಿಡಿ ಬೂತ್ ಮುಂದೆ ಕ್ಯೂ ನಿಂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಒಂದೊಂದು ಬೋರ್ಡೂ ಒಂಟಿ ಮನೆ ಇದ್ದ ಹಾಗೆ. ಇವು ಒಂದಕ್ಕೊಂದು ಸೇರಿದ್ದು ಹೇಗೆ?

1984ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ಎಂಬಾತ ಫೈಡೋ ಅನ್ನುವ ಬಿಬಿಎಸ್ ಸಾಫ್ಟ್‌ವೇರ್ ಬರೆದಿದ್ದ. ಅದನ್ನೇ ಬಳಸುತ್ತಿದ್ದ ಜಾನ್ ಮ್ಯಾಡಿಲ್ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ, ಬಾಲ್ಟಿಮೋರ್‌ನಲ್ಲಿ. ಇಬ್ಬರೂ ಸಾಫ್ಟ್‌ವೇರ್ ಬಗ್ಗೆ ದಿನವೂ ಮಾತಾಡಬೇಕು, ಆದರೆ ದೂರದ ಕರೆಗೆ ಕಾಸು ಜಾಸ್ತಿ. ನಾವು ಮಲಗಿದ್ದಾಗ ಈ ಎರಡು ಕಂಪ್ಯೂಟರ್‌ಗಳೇ ಫೋನ್ ಮಾಡಿಕೊಂಡು ಕಾಗದ ಬದಲಾಯಿಸಿಕೊಂಡರೆ ಹೇಗೆ ಅನ್ನುವ ಯೋಚನೆ ಬಂತು. ಫೈಡೋನೆಟ್ ಅಂದರೆ ಇಷ್ಟೇ. ಜಾಲಕ್ಕೆ ಸೇರಿದ ಒಂದೊಂದು ಬೋರ್ಡಿಗೂ ನೋಡ್ ಅಂತ ಹೆಸರು. ಮೊದಲ ನೋಡ್ ಜೆನ್ನಿಂಗ್ಸ್, ಎರಡನೆಯದು ಮ್ಯಾಡಿಲ್. 1985ರ ಆರಂಭದ ಹೊತ್ತಿಗೆ ನೋಡ್‌ಗಳು ನೂರು ದಾಟಿದ್ದವು.

ಫೈಡೋ ಅಂದರೆ ನಾಯಿಯ ಹೆಸರಲ್ವಾ?

ಹೌದು, ಆ ಕಡೆ ನಾಯಿಗೆ ಇಡುವ ಹೆಸರು, ನಮ್ಮಲ್ಲಿ ಟಾಮಿ ಇದ್ದ ಹಾಗೆ. ಬೇರೆ ಬೇರೆ ಯಂತ್ರಗಳ ಬಿಡಿಭಾಗ ಸೇರಿಸಿ ಮಾಡಿದ್ದ ಒಂದು ಕಂಪ್ಯೂಟರಿಗೆ ಬೆರಕೆ ನಾಯಿ ಅಂತ ತಮಾಷೆಗೆ ಇಟ್ಟ ಹೆಸರು ಅದು. ಆಮೇಲೆ ಮ್ಯಾಡಿಲ್ ಕೀಬೋರ್ಡಿನ ಅಕ್ಷರಗಳಿಂದಲೇ ಒಂದು ನಾಯಿಯ ಚಿತ್ರ ಬರೆದ, ಬಾಯಲ್ಲಿ ಫ್ಲಾಪಿ ಕಚ್ಚಿಕೊಂಡು ಕೂತ ನಾಯಿ. ಅದೇ ಜಾಲದ ಗುರುತಾಯಿತು.

ರಾತ್ರಿ ಹೊತ್ತೇ ಯಾಕೆ?

ಎರಡು ಕಾರಣ. ಒಂದು, ದರ. ನಮ್ಮಲ್ಲೂ ರಾತ್ರಿ 11 ಆಗಲಿ ಅಂತ ಕಾದು ಕಾಲು ದರದಲ್ಲಿ ಊರಿಗೆ ಫೋನ್ ಮಾಡುತ್ತಿದ್ದೆವಲ್ಲ, ಅಮೆರಿಕದಲ್ಲೂ ರಾತ್ರಿಯ ದೂರದ ಕರೆ ಅಗ್ಗ. ಎರಡು, ಇದ್ದದ್ದೇ ಒಂದು ಲೈನು. ಹಗಲೆಲ್ಲ ಜನ ಅದನ್ನು ಹಿಡಿದಿರುತ್ತಿದ್ದರು.

ಹಾಗಾಗಿ ಎಲ್ಲರೂ ಒಂದು ಗಂಟೆಯನ್ನು ಗೊತ್ತು ಮಾಡಿಕೊಂಡರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ರಾತ್ರಿ 1ರಿಂದ 2, ಪೂರ್ವ ಕರಾವಳಿಯಲ್ಲಿ ಬೆಳಗಿನ ಜಾವ 4ರಿಂದ 5. ಆ ಗಂಟೆಯಲ್ಲಿ ಬೋರ್ಡ್ ಮನುಷ್ಯರನ್ನು ಒಳಗೆ ಬಿಡುವುದಿಲ್ಲ. ಲೈನು ಯಂತ್ರಗಳಿಗೆ ಮೀಸಲು. ಇದನ್ನು ಮೇಲ್ ಅವರ್ ಅನ್ನುತ್ತಿದ್ದರು. ಆಮೇಲೆ ಜಾಲ ಬೇರೆ ಖಂಡಗಳಿಗೆ ಹರಡಿದಾಗ ಪ್ರತಿ ಝೋನಿಗೂ, ಅಂದರೆ ಹೆಚ್ಚುಕಮ್ಮಿ ಒಂದು ಖಂಡದಷ್ಟು ದೊಡ್ಡ ವಿಭಾಗಕ್ಕೂ, ಅದರದೇ ಮೇಲ್ ಅವರ್ ಬಂತು. ಏಷ್ಯಾದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆಯಿಂದ ಎರಡೂವರೆ.

ಆ ಒಂದು ಗಂಟೆಯಲ್ಲಿ ನಿಜಕ್ಕೂ ಏನು ನಡೆಯುತ್ತಿತ್ತು?

ನೀವು ಸಂಜೆ ನಿಮ್ಮೂರಿನ ಬೋರ್ಡಿಗೆ ಲೋಕಲ್ ಕರೆ ಮಾಡಿ, ದೂರದ ಗೆಳೆಯನಿಗೆ ಒಂದು ಕಾಗದ ಬರೆದಿರಿ ಅಂದುಕೊಳ್ಳಿ. ಇಂಥ ಖಾಸಗಿ ಕಾಗದಕ್ಕೆ ನೆಟ್‌ಮೇಲ್ ಅನ್ನುತ್ತಾರೆ. ನೀವು ಫೋನ್ ಇಟ್ಟ ಮೇಲೂ ಅದು ಆ ಬೋರ್ಡಿನ ಡಿಸ್ಕಿನಲ್ಲೇ ಸುಮ್ನೆ ಕೂತಿರುತ್ತದೆ.

ಮೇಲ್ ಅವರ್‌ಗೆ ಸ್ವಲ್ಪ ಮುಂಚೆ ಸಾಫ್ಟ್‌ವೇರ್ ಎಲ್ಲ ಕಾಗದಗಳನ್ನೂ ತಡಕಿ, ಎಲ್ಲಿಗೆ ಹೋಗಬೇಕು ಅಂತ ವಿಂಗಡಿಸುತ್ತದೆ. ರೈಲಿನ ಆರ್‌ಎಂಎಸ್ ಬೋಗಿಯಲ್ಲಿ ಅಂಚೆಯವರು ಗೂಡುಗೂಡಿಗೆ ಹಾಕುವಂತೆ. ಒಂದೇ ಕಡೆ ಹೋಗುವುದೆಲ್ಲ ಒಂದು ಕಟ್ಟು. ಕಟ್ಟಿಗೆ ಪ್ಯಾಕೆಟ್ ಅಂತ ಹೆಸರು. ಪ್ಯಾಕೆಟ್ಟಿನ ತಲೆಯಲ್ಲಿ 58 ಬೈಟ್ ವಿವರ: ಎಲ್ಲಿಂದ, ಎಲ್ಲಿಗೆ, ಯಾವ ದಿನ, ಯಾವ ಹೊತ್ತು. ಒಳಗೆ ಒಂದೊಂದೇ ಕಾಗದ. ಕಳಿಸಿದವರ ಹೆಸರಿಗೆ 36 ಜಾಗ, ಪಡೆಯುವವರಿಗೆ 36, ವಿಷಯಕ್ಕೆ 72. ಕೊನೆಗೆ ಎರಡು ಸೊನ್ನೆ ಬೈಟು, ಕಟ್ಟು ಮುಗಿಯಿತು ಅಂತ.

ಗಂಟೆ ಬಾರಿಸಿತು. ಮೋಡೆಮ್ ಡಯಲ್ ಮಾಡಿತು. ಆ ಕಡೆ ಬಿಜಿ. ಇಟ್ಟಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿತು. ನೂರಾರು ಯಂತ್ರಗಳು ಒಂದೇ ಗಂಟೆಯಲ್ಲಿ ಒಂದಕ್ಕೊಂದು ಫೋನ್ ಮಾಡುತ್ತಿದ್ದರೆ ಬಿಜಿ ಸಿಗದೆ ಇನ್ನೇನು! ಸಿಕ್ಕ ಮೇಲೆ ಎರಡೂ ಕಡೆ "ನಾನೂ ಫೈಡೋ, ನೀನೂ ಫೈಡೋ" ಅಂತ ಖಾತ್ರಿ ಮಾಡಿಕೊಂಡು ಪ್ಯಾಕೆಟ್ ದಾಟಿಸುತ್ತವೆ. ತುಂಡುತುಂಡಾಗಿ ಕಳಿಸಿ, ಪ್ರತಿ ತುಂಡನ್ನೂ ತಾಳೆ ನೋಡಿ, ತಪ್ಪಿದ್ದರೆ ಅದನ್ನೊಂದೇ ಮತ್ತೆ ಕೇಳುವ ವಿಧಾನ. ಇದರ ಬೇರು ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಬರೆದ ಎಕ್ಸ್‌ಮೋಡೆಮ್. ಆ ಕಡೆ ನಿಮಗೆ ಕೊಡಬೇಕಾದ್ದು ಏನಾದರೂ ಇದ್ದರೆ ಅದೇ ಕರೆಯಲ್ಲಿ ತರಬಹುದು. ಬಂದ ಖರ್ಚಿಗೆ ಬುಟ್ಟಿ ಖಾಲಿ ಯಾಕೆ ವಾಪಸ್ ಹೋಗಬೇಕು, ಅಲ್ವಾ?

ಬೆಳಗ್ಗೆ ನಿಮ್ಮ ಗೆಳೆಯ ಅವನ ಊರಿನ ಬೋರ್ಡಿಗೆ ಲೋಕಲ್ ಕರೆ ಮಾಡಿದರೆ, ಕಾಗದ ಕಾಯುತ್ತಿರುತ್ತದೆ.

ವೇಗ ಎಷ್ಟಿತ್ತು?

300 ಬಾಡ್ ಮೋಡೆಮ್‌ನಲ್ಲಿ ಸೆಕೆಂಡಿಗೆ ಸುಮಾರು 30 ಅಕ್ಷರ. 2,000 ಅಕ್ಷರದ ಕಾಗದಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ. 1200ಕ್ಕೆ ಬಂದಾಗ 17 ಸೆಕೆಂಡು, 2400ಕ್ಕೆ ಎಂಟು ಚಿಲ್ಲರೆ. ಮೋಡೆಮ್ ವೇಗ ಹೆಚ್ಚಿದಂತೆಲ್ಲ ಬಿಲ್ಲು ಕರಗುತ್ತಿತ್ತು. ಬೋರ್ಡ್ ನಡೆಸುವವರು ಹೊಸ ಮೋಡೆಮ್‌ಗೆ ಬಾಯಿ ಬಿಡುತ್ತಿದ್ದುದು ಬರೀ ಶೋಕಿಗಲ್ಲ. ಟಾಮ್ ಹೆಂಡರ್ಸನ್ ಬರೆದ ಆರ್ಕ್ ಅನ್ನುವ ತಂತ್ರಾಂಶದಿಂದ ಕಟ್ಟನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುವುದೂ ಶುರುವಾಯಿತು. ಹಿಂಡಿದ ಕಟ್ಟಿನ ಫೈಲ್ ಹೆಸರಿನ ಬಾಲದಲ್ಲಿ ವಾರದ ಇಂಗ್ಲಿಷ್ ಹೆಸರಿನ ಎರಡು ಅಕ್ಷರ ಇರುತ್ತಿತ್ತು: ಸೋಮವಾರದ್ದಕ್ಕೆ ಎಂ-ಓ, ಮಂಗಳವಾರದ್ದಕ್ಕೆ ಟಿ-ಯು. ಯಾವತ್ತಿನ ಚೀಲ ಇನ್ನೂ ಮೂಲೆಯಲ್ಲಿ ಬಿದ್ದಿದೆ ಅಂತ ನೋಡಿದರೇ ಗೊತ್ತಾಗಲಿ ಅಂತ.

ಯಾವ ಬೋರ್ಡಿನ ಫೋನ್ ನಂಬರ್ ಏನು ಅಂತ ಯಂತ್ರಕ್ಕೆ ಗೊತ್ತಾಗುತ್ತಿದ್ದುದು ಹೇಗೆ?

ನೋಡ್‌ಲಿಸ್ಟ್. ಇಡೀ ಜಾಲದ ಟೆಲಿಫೋನ್ ಡೈರೆಕ್ಟರಿ. ಒಂದು ಬೋರ್ಡಿಗೆ ಒಂದು ಸಾಲು: ನಂಬರು, ಬೋರ್ಡಿನ ಹೆಸರು, ಊರು, ನಡೆಸುವವರ ಹೆಸರು, ಫೋನ್, ಮೋಡೆಮ್ ವೇಗ. ವಾರಕ್ಕೊಮ್ಮೆ ಹೊಸದು. ಪೂರ್ತಿ ಪಟ್ಟಿ ಕಳಿಸಿದರೆ ಬಿಲ್ಲು ಏರುತ್ತದಲ್ಲ, ಅದಕ್ಕೆ ಹಿಂದಿನ ವಾರಕ್ಕಿಂತ ಏನು ಬದಲಾಯಿತೋ ಅಷ್ಟನ್ನೇ ಕಳಿಸುತ್ತಿದ್ದರು.

ಮೊದಮೊದಲು ಪಟ್ಟಿ ಜೆನ್ನಿಂಗ್ಸ್ ಒಬ್ಬನೇ ನೋಡಿಕೊಳ್ಳುತ್ತಿದ್ದ. ಒಂದು ತಪ್ಪು ಅಂಕಿ ಬಿದ್ದರೆ ಏನಾಗುತ್ತದೆ ಯೋಚಿಸಿ. ಸಂಬಂಧವೇ ಇಲ್ಲದ ಯಾರದೋ ಮನೆಯ ಫೋನು ನಡುರಾತ್ರಿ ಮೇಲಿಂದ ಮೇಲೆ ಬಾರಿಸುತ್ತದೆ. ಎತ್ತಿದರೆ ಕಿವಿಗೆ ಬರೀ ಕೀರಲು. ಯಂತ್ರಕ್ಕೆ ಬೈದರೆ ಕೇಳುತ್ತದೆಯೇ? ಇಟ್ಟು, ಮತ್ತೆ ಮಾಡುತ್ತದೆ. ಹೀಗೆ ಒಬ್ಬ ಅಜ್ಜಿಯ ನಿದ್ದೆ ಕೆಟ್ಟ ಕತೆಯನ್ನು ಫೈಡೋ ಹಳಬರು ಇವತ್ತಿಗೂ ಹೇಳುತ್ತಾರೆ. ಪಟ್ಟಿಯ ಕೆಲಸ ಸೇಂಟ್ ಲೂಯಿಸ್‌ನ ಕೆನ್ ಕಪ್ಲನ್, ಬೆನ್ ಬೇಕರ್ ಮುಂತಾದವರ ಕೈಗೆ ಹೋಯಿತು. ಹೊಸ ನಂಬರ್ ಬೇಕೆಂದರೆ ಅರ್ಜಿಯನ್ನು ಫೈಡೋನೆಟ್ ಮೂಲಕವೇ ಕಳಿಸಬೇಕು ಅನ್ನುವ ನಿಯಮ ಬಂತು. ನಿಮ್ಮ ಯಂತ್ರ ಸರಿಯಾಗಿ ಫೋನ್ ಮಾಡುತ್ತದೆ ಅನ್ನುವುದಕ್ಕೆ ಅರ್ಜಿ ಬಂದು ಮುಟ್ಟಿದ್ದೇ ಸಾಕ್ಷಿ. ನನಗೆ ಬಹಳ ಹಿಡಿಸಿದ ನಿಯಮ ಇದು.

1:125/111 ಅನ್ನುವ ಥರದ ವಿಳಾಸ ಓದುವುದು ಹೇಗೆ?

ಎಡದಿಂದ: ಝೋನ್, ನೆಟ್, ನೋಡ್. ಆಗ ಝೋನ್ 1 ಉತ್ತರ ಅಮೆರಿಕ, 2 ಯೂರೋಪ್, 3 ಆಸ್ಟ್ರೇಲಿಯಾ ಕಡೆ, 4 ಲ್ಯಾಟಿನ್ ಅಮೆರಿಕ, 5 ಆಫ್ರಿಕಾ, 6 ಏಷ್ಯಾ. ನೆಟ್ ಅಂದರೆ ಒಂದು ಊರು ಅಥವಾ ಸುತ್ತಮುತ್ತಲ ಪ್ರದೇಶ. 125 ಸ್ಯಾನ್ ಫ್ರಾನ್ಸಿಸ್ಕೋದ್ದು. ಕೊನೆಯದು ಆ ಊರಿನ ಒಂದು ಬೋರ್ಡ್. ನಮ್ಮ ಪಿನ್ ಕೋಡ್ ಇದ್ದ ಹಾಗೆ. 56 ಅಂದ ಕೂಡಲೇ ಕರ್ನಾಟಕದ ಚೀಲಕ್ಕೆ ಹಾಕು, ಉಳಿದದ್ದು ಆಮೇಲೆ. ಕೆಲವೊಮ್ಮೆ ಕೊನೆಗೆ ಒಂದು ಚುಕ್ಕಿ, ಮತ್ತೊಂದು ಅಂಕಿ ಇರುತ್ತದೆ. ಅದು ಪಾಯಿಂಟ್. ಬೋರ್ಡ್ ನಡೆಸದೆ, ಬರೀ ತನ್ನ ಕಾಗದಗಳನ್ನು ಕಟ್ಟಾಗಿ ಇಳಿಸಿಕೊಂಡು ಮನೆಯಲ್ಲಿ ಓದುವವನ ವಿಳಾಸ.

ಶುರುವಿನಲ್ಲಿ ಹೀಗಿರಲಿಲ್ಲ. ಬೋರ್ಡ್ ಒಂದು, ಎರಡು, ಮೂರು ಅಂತ ಬರೀ ಕ್ರಮಸಂಖ್ಯೆ. ಸೇಂಟ್ ಲೂಯಿಸ್‌ನಲ್ಲಿ ಹಲವು ಬೋರ್ಡುಗಳಾದಾಗ ಪೆಟ್ಟು ಗೊತ್ತಾಯಿತು. ಹೊರಗಿನ ಬೋರ್ಡೊಂದು ಆ ಊರಿನ ಹತ್ತು ಬೋರ್ಡಿಗೆ ಒಂದೊಂದು ಕಾಗದ ಕಳಿಸಬೇಕಾದರೆ ಹತ್ತು ದೂರದ ಕರೆ. ಹತ್ತನ್ನೂ ಒಬ್ಬನಿಗೇ ಕೊಟ್ಟರೆ? ಅವನು ಲೋಕಲ್ ಕರೆಯಲ್ಲಿ ಊರೊಳಗೆ ಹಂಚಿಬಿಡುತ್ತಾನೆ. ಊರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಲಿ ಎಲ್ಲರ ಲಕೋಟೆಯನ್ನೂ ಕೊಟ್ಟು ಕಳಿಸಿದ ಹಾಗೆ. ಅಲ್ಲಿ ಯುಕ್ತಿ ಹೊಳೆದವರಿಗೂ ಜೆನ್ನಿಂಗ್ಸ್‌ಗೂ 1985ರ ಏಪ್ರಿಲ್‌ನಲ್ಲಿ ಭೇಟಿಯಾಯಿತು. ನೆಟ್, ನೋಡ್ ಅಂತ ಎರಡು ಹಂತ ಮಾಡಿದರು. ಆ ಊರಿಗೆ ನೆಟ್ 100 ಸಿಕ್ಕಿತು. ಕಾಗದ ಹಂಚುವವನಿಗೆ ಹೋಸ್ಟ್ ಅಂತ ಹೆಸರು. ಜೂನ್ 12ರಂದು ಇಡೀ ಜಾಲ ಹೊಸ ಪದ್ಧತಿಗೆ ತಿರುಗಿತು. ಝೋನ್ ಅನ್ನುವ ಮೂರನೇ ಹಂತ ಬಂದದ್ದು ಸಮುದ್ರದಾಚೆಗೆ ಹರಡಿದ ಮೇಲೆ.

ಅವಸರದ ಕಾಗದ ಇದ್ದರೆ?

ಕ್ರ್ಯಾಶ್ ಅಂತ ಗುರುತು ಹಾಕಿದರೆ ಹೋಸ್ಟ್ ಮೂಲಕ ಸುತ್ತದೆ, ನೇರ ಕರೆ ಮಾಡಿ ಮುಟ್ಟಿಸುತ್ತದೆ. ದುಡ್ಡು ಜಾಸ್ತಿ. ಹೋಲ್ಡ್ ಅಂತ ಹಾಕಿದರೆ ಉಲ್ಟಾ: ಬೇಕಾದವನೇ ಬಂದು ತಗೊಂಡು ಹೋಗಲಿ.

ಎಕೋಮೇಲ್ ಅಂದರೆ ಏನು? ನೆಟ್‌ಮೇಲ್‌ಗಿಂತ ಹೇಗೆ ಬೇರೆ?

ನೆಟ್‌ಮೇಲ್ ಒಬ್ಬರಿಂದ ಒಬ್ಬರಿಗೆ. ಎಕೋಮೇಲ್ ಊರಿಗೆಲ್ಲ. ಡಲ್ಲಾಸ್‌ನ ಜೆಫ್ ರಷ್ 1985–86ರ ಹೊತ್ತಿಗೆ ಇದನ್ನು ಮಾಡಿದ. ಜಾಲ ನಿಜಕ್ಕೂ ಉಬ್ಬಿದ್ದು ಇದರಿಂದಲೇ. ಅಲ್ಲಿಯವರೆಗೆ ಫೈಡೋನೆಟ್ ಅಂಚೆ ಕಚೇರಿ. ಆಮೇಲೆ ಅರಳಿಕಟ್ಟೆ.

ಒಂದು ವಿಷಯಕ್ಕೆ ಒಂದು ಎಕೋ. ನೀವು ನಿಮ್ಮ ಬೋರ್ಡಿನಲ್ಲಿ ಅಡುಗೆಯ ಎಕೋದಲ್ಲಿ ನಾಲ್ಕು ಸಾಲು ಬರೆದಿರಿ. ರಾತ್ರಿ ನಿಮ್ಮ ಬೋರ್ಡು ಅದರ ಪ್ರತಿಯನ್ನು ತನ್ನ ಜೊತೆ ಕೊಂಡಿಯಿರುವ ಎರಡೋ ಮೂರೋ ಬೋರ್ಡಿಗೆ ಕೊಡುತ್ತದೆ. ಅವು ತಮ್ಮ ಎಕೋದಲ್ಲಿ ಇಟ್ಟುಕೊಂಡು, ತಮ್ಮ ಕೊಂಡಿಗಳಿಗೆ ದಾಟಿಸುತ್ತವೆ. ಮೂರ್ನಾಲ್ಕು ದಿನದಲ್ಲಿ ಅದು ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರುತ್ತದೆ. ನಡುವೆ ದೊಡ್ಡ ಸರ್ವರ್ ಅನ್ನುವುದೇ ಇಲ್ಲ.

ಹಾಗಾದರೆ ಕಾಗದ ಬಂದಲ್ಲಿಗೇ ತಿರುಗಿ ಹೋಗದಂತೆ ತಡೆಯುವುದು ಹೇಗೆ? ಪ್ರತಿ ಕಾಗದದ ಕೆಳಗೂ ಸೀನ್-ಬೈ ಅನ್ನುವ ಸಾಲುಗಳು. ಈ ಕಾಗದ ಯಾರ್ಯಾರ ಕೈಗೆ ಹೋಗಿದೆ ಅನ್ನುವ ಪಟ್ಟಿ. ಮುಂದೆ ದಾಟಿಸುವ ಮುಂಚೆ ಯಂತ್ರ ಅದನ್ನು ಓದುತ್ತದೆ. ಇದ್ದವರಿಗೆ ಕೊಡುವುದಿಲ್ಲ. ಇಲ್ಲದವರಿಗೆ ಕೊಟ್ಟು, ಅವರ ನಂಬರ್ ಸೇರಿಸುತ್ತದೆ. ಇನ್ನೊಂದು ಸಾಲು ಒರಿಜಿನ್, ಕಾಗದ ಹುಟ್ಟಿದ ಬೋರ್ಡಿನ ಹೆಸರು ಮತ್ತು ವಿಳಾಸ. ಜನ ಅಲ್ಲಿ ಒಂದು ತಮಾಷೆ ಮಾತನ್ನೂ ತುರುಕುತ್ತಿದ್ದರು, ಲಾರಿ ಹಿಂದೆ ಬರೆಸುತ್ತಾರಲ್ಲ, ಹಾಗೆ.

ಒಂದೇ ಕಾಗದ ಎರಡೆರಡು ಸಲ ಬರುತ್ತಿತ್ತು ಅಂತ ಹೇಳುತ್ತಾರೆ, ನಿಜವಾ?

ನಿಜ. ಅದಕ್ಕೆ ಡ್ಯೂಪ್ ಅನ್ನುತ್ತಿದ್ದರು. ನಾಲ್ಕು ಬೋರ್ಡು ದುಂಡಗೆ ಕೂತಿವೆ ಅಂದುಕೊಳ್ಳಿ. ಮೊದಲನೆಯದು ತನ್ನ ಎಡಕ್ಕೂ ಬಲಕ್ಕೂ ಕೊಟ್ಟಿತು. ಆ ಎರಡೂ ಎದುರಿಗಿರುವ ನಾಲ್ಕನೆಯದಕ್ಕೆ ಕೊಟ್ಟವು. ಅವನು ಕೊಟ್ಟಿದ್ದು ಇವನಿಗೆ ಗೊತ್ತಿಲ್ಲ. ಒಂದೇ ಮನೆಗೆ ಎರಡು ಲಗ್ನಪತ್ರಿಕೆ. ಹಾಗಾಗಿ ಕೊಂಡಿಗಳು ಮರದ ಕೊಂಬೆಯಂತೆ ಕವಲೊಡೆಯಬೇಕೇ ಹೊರತು ಎಲ್ಲೂ ದುಂಡಗೆ ಸೇರಬಾರದು ಅನ್ನುವುದು ನಿಯಮ. ಅತಿ ಬುದ್ಧಿವಂತನೊಬ್ಬ ಇಬ್ಬರಿಂದಲೂ ಒಂದೇ ಎಕೋ ತರಿಸಿಕೊಂಡರೆ ಮುಗಿಯಿತು. ಮಧ್ಯದಲ್ಲಿ ಯಾರಾದರೂ ಸೀನ್-ಬೈ ಸಾಲುಗಳನ್ನು ಅಳಿಸಿಬಿಟ್ಟರಂತೂ ಕಾಗದ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಯಾರದೋ ಬಿಲ್ಲು ಏರುತ್ತದೆ. ಆಮೇಲಾಮೇಲೆ ಪ್ರತಿ ಕಾಗದಕ್ಕೂ ಅದರದೇ ಗುರುತಿನ ಸಂಖ್ಯೆ ಹಾಕಿದರು. ನೋಡಿದ ಸಂಖ್ಯೆ ಮತ್ತೆ ಬಂದರೆ ಯಂತ್ರ ಬಿಸಾಕುತ್ತದೆ.

ದುಡ್ಡು ಯಾರು ಕೊಡುತ್ತಿದ್ದರು?

ಬೋರ್ಡ್ ನಡೆಸುವವರು. ಸಿಸಾಪ್ ಅಂತ ಅವರಿಗೆ ಹೆಸರು. ಮನೆಯ ಕಂಪ್ಯೂಟರ್ ಅವರದು, ಲೈನು ಅವರದು, ಬಿಲ್ಲೂ ಅವರದು. ನೆಟ್‌ಮೇಲ್ ಕಳಿಸಲು ಕೆಲವು ಬೋರ್ಡುಗಳಲ್ಲಿ ಮೊದಲೇ ಸ್ವಲ್ಪ ದುಡ್ಡು ಕಟ್ಟಿಸಿಕೊಂಡು, ಕಾಗದಕ್ಕೆ ಇಷ್ಟು ಅಂತ ಕಳೆಯುತ್ತಿದ್ದರು. ಎಕೋಮೇಲ್ ದೊಡ್ಡದಾದ ಮೇಲೆ ಒಂದು ಊರಿನ ಸಿಸಾಪ್‌ಗಳು ಸೇರಿ ಚೀಟಿ ಹಾಕಿದಂತೆ ಪಾಲು ಹಾಕಿಕೊಂಡು, ಒಬ್ಬನ ಕೈಲಿ ದೂರದಿಂದ ತರಿಸುತ್ತಿದ್ದರು. ಹಣದ ಲೆಕ್ಕ ಬಂದಲ್ಲಿ ಮನಸ್ತಾಪ ಬರದೆ ಇರುತ್ತದೆಯೇ.

ಖಾಸಗಿ ಕಾಗದ ಖಾಸಗಿಯಾಗಿಯೇ ಇರುತ್ತಿತ್ತಾ?

ಇಲ್ಲ. ಪೋಸ್ಟ್‌ಕಾರ್ಡಿನಷ್ಟೇ ಖಾಸಗಿ. ದಾರಿಯಲ್ಲಿರುವ ಯಾವ ಸಿಸಾಪ್ ಬೇಕಾದರೂ ಓದಬಹುದಿತ್ತು.

ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರೆಯಬಹುದಿತ್ತಾ?

ಬರೆದರು, ಒದ್ದಾಡಿಕೊಂಡು. ರಷ್ಯಾದ ಕತೆ ಮಜವಾಗಿದೆ. ಫೈಡೋ ನಿಯಮದಲ್ಲಿ ಒಂದು ಬೈಟ್ ಬೆಲೆಯನ್ನು, ಹದಿನಾರರ ಲೆಕ್ಕದಲ್ಲಿ 8ಡಿ ಅನ್ನುವುದನ್ನು, ಮೃದು ಸಾಲು-ಮುರಿತ (ಬರೆದವರಲ್ಲ, ಸಾಫ್ಟ್‌ವೇರ್ ತಾನೇ ಸಾಲು ಮುರಿದ ಜಾಗದ ಗುರುತು) ಅಂತ ಮೀಸಲಿಟ್ಟಿದ್ದರು. ಕಾಗದ ದಾಟುವಾಗ ಯಂತ್ರ ಅದನ್ನು ಕಡೆಗಣಿಸಬಹುದು. ರಷ್ಯನ್ನರು ಡಾಸ್‌ನಲ್ಲಿ (ಆ ಕಾಲದ ಪಿಸಿಗಳನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ) ಬಳಸುತ್ತಿದ್ದ ಲಿಪಿಯ ಪಟ್ಟಿಯಲ್ಲಿ ಅದೇ ಬೆಲೆಗೆ ಇದ್ದದ್ದು ಅವರ ದೊಡ್ಡಕ್ಷರದ 'ನ'. ಕಾಗದ ಮುಟ್ಟುವ ಹೊತ್ತಿಗೆ ಆ 'ನ' ಮಾಯ! ಆ ಅಕ್ಷರ ನೋಡಲು ಥೇಟ್ ಇಂಗ್ಲಿಷಿನ ದೊಡ್ಡ 'ಎಚ್'. ಹಾಗಾಗಿ ಅವರು ಅದರ ಜಾಗದಲ್ಲಿ ಇಂಗ್ಲಿಷ್ ಎಚ್ ಒತ್ತುವುದನ್ನೇ ರೂಢಿ ಮಾಡಿಕೊಂಡರು. ಕನ್ನಡಕ್ಕೆ ಆಗ ಎಲ್ಲರ ಯಂತ್ರದಲ್ಲೂ ಒಂದೇ ಥರ ಕಾಣುವ ಲಿಪಿ ಪಟ್ಟಿ ಬಳಕೆಯಲ್ಲಿ ಇರಲಿಲ್ಲ, ನಮಗೆ ಆ ಸಮಸ್ಯೆಯ ಭಾಗ್ಯವೂ ಸಿಗಲಿಲ್ಲ.

ಫೈಡೋನೆಟ್‌ನಿಂದ ಇಂಟರ್ನೆಟ್‌ಗೆ ಕಾಗದ ಹೋಗುತ್ತಿತ್ತಾ?

ಹೋಗುತ್ತಿತ್ತು, ಗೇಟ್‌ವೇ ಮೂಲಕ, ಅಂದರೆ ಎರಡೂ ಜಾಲಕ್ಕೆ ಸೇರಿದ್ದು ಈ ಕಡೆಯ ಕಾಗದವನ್ನು ಆ ಕಡೆಗೆ ದಾಟಿಸುವ ಕಂಪ್ಯೂಟರ್ ಮೂಲಕ. ಫೈಡೋ ವಿಳಾಸವನ್ನು ಹಿಂದುಮುಂದು ಮಾಡಿ ಇಮೇಲ್ ವಿಳಾಸ ಕಟ್ಟುತ್ತಿದ್ದರು: ಮೊದಲು ನೋಡ್, ಆಮೇಲೆ ನೆಟ್, ಆಮೇಲೆ ಝೋನ್, ಕೊನೆಗೆ ಫೈಡೋನೆಟ್ ಡಾಟ್ ಆರ್ಗ್.

ದಕ್ಷಿಣ ಆಫ್ರಿಕಾಕ್ಕೆ ಹೊರಜಗತ್ತಿನ ಇಮೇಲ್ ಬಂದದ್ದು ಹೀಗೆಯೇ. 80ರ ದಶಕದ ಕೊನೆಯಲ್ಲಿ, ವರ್ಣಭೇದ ನೀತಿ ಇನ್ನೂ ಇದ್ದಾಗ, ಗ್ರಹಾಮ್ಸ್‌ಟೌನ್‌ನ ರೋಡ್ಸ್ ವಿಶ್ವವಿದ್ಯಾಲಯದಲ್ಲಿ ಮೈಕ್ ಲಾರಿ ಮತ್ತು ಜೊತೆಗಾರರು ಫೈಡೋ ಸಾಫ್ಟ್‌ವೇರ್ ಹಾಕಿಕೊಂಡರು. ಆ ಕಡೆ ಫೋನ್ ಎತ್ತುತ್ತಿದ್ದುದು ಯಾವ ಸಂಸ್ಥೆಯೂ ಅಲ್ಲ, ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ರ‍್ಯಾಂಡಿ ಬುಷ್ ಎಂಬ ಹವ್ಯಾಸಿಯ ಮನೆಯ ಮೋಡೆಮ್. ಫೈಡೋ ಪ್ಯಾಕೆಟ್ಟಿನ ನಿಯಮಾವಳಿಯನ್ನು ಬರೆದಿಟ್ಟವನೂ ಇವನೇ. ಒಂದು ದೇಶದ ವಿಶ್ವವಿದ್ಯಾಲಯಗಳ ಕಾಗದವೆಲ್ಲ ಒಬ್ಬನ ಮನೆಯ ಮೂಲಕ ಹೋಗಿಬರುತ್ತಿತ್ತು. 1991ರಲ್ಲಿ ಆ ದೇಶಕ್ಕೆ ನಿಜವಾದ ಇಂಟರ್ನೆಟ್ ಕೊಂಡಿ ಸಿಕ್ಕಾಗಲೂ ಅದು ಹೋಗಿ ಮುಟ್ಟಿದ್ದು ಅದೇ ಮನೆಗೆ.

ಭಾರತದಲ್ಲಿ ಇತ್ತಾ? ಬೆಂಗಳೂರಿನಲ್ಲಿ?

ಇತ್ತು, ಸಣ್ಣ ಮಟ್ಟದಲ್ಲಿ. ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ ನಡೆಸುತ್ತಿದ್ದ ಸಿಐಎಕ್ಸ್ ಬೋರ್ಡು, ಮುಂಬೈಯಲ್ಲಿ ಸುಚಿತ್ ನಂದಾ ಅವರ ಲೈವ್ ವೈರ್ ಆ ಕಾಲದ ಹೆಸರುಗಳು. ಫೋನ್ ಸಿಗಲು ವರ್ಷಗಟ್ಟಲೆ ಕಾಯಬೇಕಿದ್ದ ದೇಶದಲ್ಲಿ ಒಂದು ಲೈನನ್ನು ಕಂಪ್ಯೂಟರಿಗೆ ಮೀಸಲಿಡುವುದು ಅಂದರೆ ಸಣ್ಣ ಮಾತಲ್ಲ. ಸಾಲದ್ದಕ್ಕೆ ಬೋರ್ಡ್ ನಡೆಸಲು ಲಕ್ಷಗಟ್ಟಲೆ ಲೈಸೆನ್ಸ್ ಶುಲ್ಕ ಕೊಡಬೇಕು ಅಂತ ಸರ್ಕಾರ 90ರ ದಶಕದಲ್ಲಿ ಹೊರಟಿತು. ಹವ್ಯಾಸಕ್ಕೆ ಲಕ್ಷ ಯಾರು ಕೊಡುತ್ತಾರೆ? ಬೋರ್ಡಿನವರು ಸೇರಿ ಪ್ರತಿಭಟಿಸಿದರು. ಅಷ್ಟರಲ್ಲಿ 1995ರ ಆಗಸ್ಟ್ 15ಕ್ಕೆ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು.

ಇಷ್ಟು ಜನ ಸೇರಿದ ಮೇಲೆ ಜಗಳ ಆಗುತ್ತಿರಲಿಲ್ವಾ?

ಆಗುತ್ತಿತ್ತು, ಧಾರಾಳವಾಗಿ. 1989ರ ನಿಯಮಪುಸ್ತಕದಲ್ಲಿ ಪುಟಗಟ್ಟಲೆ ಇದ್ದರೂ ತಿರುಳು ಎರಡೇ ಮಾತು: ಬೇರೆಯವರಿಗೆ ಅತಿಯಾಗಿ ಕಿರಿಕಿರಿ ಮಾಡಬೇಡ, ನೀನೂ ಸುಲಭಕ್ಕೆ ಕಿರಿಕಿರಿ ಮಾಡಿಕೊಳ್ಳಬೇಡ. ಎರಡನೆಯದನ್ನು ಯಾರೂ ಪಾಲಿಸಲಿಲ್ಲ.

ಫೈಡೋ ಒಂದೇ ಇತ್ತಾ?

ಇಲ್ಲ. ಡಬ್ಲ್ಯೂಡಬ್ಲ್ಯೂಐವಿನೆಟ್, ರಿಲೇನೆಟ್ ಮುಂತಾದವೂ ಇದ್ದವು. ಹೆಚ್ಚಿನವುಗಳ ವಿಧಾನ ಇದೇ: ಕಟ್ಟು ಕಟ್ಟು, ರಾತ್ರಿ ಫೋನ್ ಮಾಡು, ದಾಟಿಸು.

ಈಗಲೂ ನೋಡ್ ನಂಬರ್ ತಗೊಳ್ಳಬಹುದಾ?

ತಗೊಳ್ಳಬಹುದು. 90ರ ದಶಕದ ಮಧ್ಯದಲ್ಲಿ 35,000ಕ್ಕೂ ಹೆಚ್ಚು ನೋಡ್‌ಗಳಿದ್ದ ಜಾಲ ಇವತ್ತು ಬಹಳ ಸಣ್ಣದಾಗಿದೆ, ಆದರೆ ನಿಂತಿಲ್ಲ. ನಮ್ಮ ಝೋನ್ 6 ಮಾತ್ರ ಈಗಿಲ್ಲ. 2007ರಲ್ಲಿ ಅದನ್ನು ಝೋನ್ 3ಕ್ಕೆ ಸೇರಿಸಿದರು. ಮೋಡೆಮ್ ಬೇಕಿಲ್ಲ. ಬಿಂಕ್‌ಪಿ ಅನ್ನುವ ವಿಧಾನದಲ್ಲಿ ಅದೇ ಹಳೆಯ ಪ್ಯಾಕೆಟ್ಟುಗಳು ಇಂಟರ್ನೆಟ್ ಮೇಲೆ ಕ್ಷಣದಲ್ಲಿ ದಾಟುತ್ತವೆ. ಪ್ಯಾಕೆಟ್ಟಿನ ತಲೆಯಲ್ಲಿ ಈಗಲೂ ಆ 58 ಬೈಟು. ಎಕೋಗಳಲ್ಲಿ ಮಾತಾಡುತ್ತಿರುವವರು ಹೆಚ್ಚಾಗಿ ಹಳಬರೇ, ಹೊಸಬರು ಬಂದರೆ ಉತ್ಸಾಹದಿಂದ ಪಾಠ ಹೇಳುತ್ತಾರೆ. ನಿಮ್ಮ ಪ್ರದೇಶದ ಸಂಯೋಜಕರ ವಿಳಾಸ ನೋಡ್‌ಲಿಸ್ಟ್‌ನಲ್ಲೇ ಇರುತ್ತದೆ. ಅರ್ಜಿಯನ್ನು ಇಮೇಲ್‌ನಲ್ಲಿ ಹಾಕುವ ಮೊದಲು ಫೈಡೋ ಮೂಲಕವೇ ಕಳಿಸಲು ಒಂದು ಸಲ ಪ್ರಯತ್ನಿಸಿ ನೋಡಿ.